ಇಪ್ಪತ್ತೈದು ಮನೆಗಳಲ್ಲಿ ಒಂದು ಮನೆ: ಸಮುದಾಯ ಆಧಾರಿತ ಪುನರ್ವಸತಿಯ ಒಂದು ಪಾಠ



ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಎರಡು ಮಾದರಿಗಳು ಕಾಣದೇ ಇರೋದು ಅಪರೂಪ. ಒಂದು, ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿದ ಕೋಲು. ಇನ್ನೊಂದು, ಕೈಸನ್ನೆಗೆ ಓಡುವ ವೀಲ್‌ಚೇರ್. ಒಂದು ಆರ್ಡುಯಿನೋ, ಎರಡು ಮೋಟಾರು, ಒಂದು ಬ್ಯಾಟರಿ. ಮಾರ್ಕ್ಸ್ ಬರುತ್ತೆ, ಫೋಟೋ ಆಗುತ್ತೆ, ಆಮೇಲೆ ಅದು ಲ್ಯಾಬಿನ ಬೀರು ಸೇರುತ್ತೆ. ಇದು ಕೆಟ್ಟ ಕೆಲಸ ಅಂತ ಯಾರೂ ಹೇಳೋಕಾಗಲ್ಲ, ಕಲಿಯೋದಕ್ಕೆ ಇದೂ ಬೇಕು. ಆದರೆ ಆ ವೀಲ್‌ಚೇರಿನಲ್ಲಿ ಕೂರಬೇಕಾದ ಮಗು ಎಲ್ಲಿದೆ? ಅದರ ಮನೆಯ ಹೊಸ್ತಿಲು ಎಷ್ಟು ಎತ್ತರ? ಅದು ಶಾಲೆಗೆ ಹೋಗ್ತಿದೆಯಾ? ಈ ಪ್ರಶ್ನೆಗಳನ್ನು ಕೇಳುವ ಒಂದು ವಿದ್ಯೆಯೇ ಇದೆ. ಅದರ ಹೆಸರು ಸಮುದಾಯ ಆಧಾರಿತ ಪುನರ್ವಸತಿ. ಇಂಗ್ಲಿಷಿನ ಹೆಸರನ್ನು ಚಿಕ್ಕದಾಗಿಸಿ ಎಲ್ಲರೂ 'ಸಿಬಿಆರ್' ಅಂತಾರೆ. ಈ ಸಲದ ಅಧ್ಯಯನ ಲೇಖನದಲ್ಲಿ ಅದನ್ನು ಅಂಗವೈಕಲ್ಯವಿರುವ ಮಕ್ಕಳ ವಿಷಯಕ್ಕೆ ಸೀಮಿತ ಮಾಡಿಕೊಂಡು, ನಮ್ಮ ಎಂಜಿನಿಯರಿಂಗ್ ಕಣ್ಣಿನಿಂದ ನೋಡೋಣ.

ಮೊದಲು ಒಂದು ಮಾತು ಪದಗಳ ಬಗ್ಗೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಹೀಗೆ ಕನ್ನಡದಲ್ಲಿ ಹಲವು ಪದಗಳು ಓಡಾಡುತ್ತಿವೆ. ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲಿ 'ವಿಕಲಚೇತನ' ಇದೆ. ಯಾವ ಪದ ಸರಿ ಅನ್ನೋ ಜಗಳ ಮುಗಿದಿಲ್ಲ. ನಾವು ಇಲ್ಲಿ 'ಅಂಗವೈಕಲ್ಯವಿರುವ ಮಗು' ಅಂತ ಬಳಸಿದ್ದೇವೆ. ಕಾರಣ ಸರಳ: ಅದು ಮೊದಲಿಗೆ ಮಗು, ವೈಕಲ್ಯ ಅದಕ್ಕಿರುವ ಹಲವು ಸಂಗತಿಗಳಲ್ಲಿ ಒಂದು.

ಆಸ್ಪತ್ರೆಯಿಂದ ಊರಿಗೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವಿರುವವರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ಲೆಕ್ಕದಲ್ಲಿ ಇವರಲ್ಲಿ ಸುಮಾರು ಶೇ 69ರಷ್ಟು ಮಂದಿ ಹಳ್ಳಿಗಳಲ್ಲಿದ್ದಾರೆ. ಆದರೆ ಫಿಸಿಯೋಥೆರಪಿ, ಶ್ರವಣ ಪರೀಕ್ಷೆ, ಕೃತಕ ಕಾಲು, ವಿಶೇಷ ಶಿಕ್ಷಕರು, ಇದೆಲ್ಲ ಇರೋದು ಹೆಚ್ಚಾಗಿ ನಗರದಲ್ಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎರಡೂ ಹೆಸರುವಾಸಿ ಸಂಸ್ಥೆಗಳೇ. ಆದರೆ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಕೂಲಿ ಕುಟುಂಬ ತಿಂಗಳಿಗೆರಡು ಸಲ ಮಗುವನ್ನೆತ್ತಿಕೊಂಡು ಬೆಂಗಳೂರಿಗೆ ಬರಬೇಕು ಅಂದರೆ ಪ್ರತಿ ಸಲ ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಮೂರನೇ ಸಲ ಬರೋದೇ ಇಲ್ಲ.

ಈ ಸಮಸ್ಯೆ ನಮ್ಮ ಒಂದು ದೇಶದ್ದಲ್ಲ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯ ಕುರಿತ ದೊಡ್ಡ ಸಮ್ಮೇಳನ ನಡೆಯಿತು. ಆರೋಗ್ಯ ಸೇವೆ ಜನ ಇರುವ ಕಡೆಗೇ ಹೋಗಬೇಕು ಎಂಬ ಘೋಷಣೆ ಅಲ್ಲಿ ಬಂತು. ಅದರ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆ ಪುನರ್ವಸತಿಯನ್ನೂ ಇದೇ ದಾರಿಗೆ ತಂದಿತು. ಮನೆಯವರು, ನೆರೆಯವರು, ಊರಿನ ಒಬ್ಬ ಕಾರ್ಯಕರ್ತೆ ಓದಿ ಮಾಡಬಹುದಾದಂಥ ಸರಳ ಕೈಪಿಡಿಗಳು ತಯಾರಾದವು. ಈ ಕೆಲಸದಲ್ಲಿ ಐನಾರ್ ಹೆಲಾಂಡರ್ ಅವರ ಹೆಸರು ಮುಖ್ಯ. ಹಲವು ದೇಶಗಳಲ್ಲಿ ಬಳಸಿ ತಿದ್ದಿದ ಕೈಪಿಡಿ 1989ರಲ್ಲಿ ಪ್ರಕಟವಾಯಿತು.

ಅದೇ ಕಾಲಕ್ಕೆ ಮೆಕ್ಸಿಕೋದ ಸಿನಲೋವಾ ರಾಜ್ಯದ ಅಹೋಯಾ ಎಂಬ ಹಳ್ಳಿಯಲ್ಲಿ ಇನ್ನೊಂದು ಪ್ರಯೋಗ ನಡೀತಿತ್ತು. 1981ರಲ್ಲಿ ಶುರುವಾದ 'ಪ್ರೊಹಿಮೋ' ಎಂಬ ಆ ಕೇಂದ್ರವನ್ನು ನಡೆಸುತ್ತಿದ್ದವರು ಅಂಗವೈಕಲ್ಯವಿದ್ದ ಹಳ್ಳಿಗರೇ. ಗಾಲಿಕುರ್ಚಿ, ಕ್ಯಾಲಿಪರ್, ಆಟಿಕೆ ಎಲ್ಲವನ್ನೂ ಅಲ್ಲೇ ಸಿಗುವ ಸಾಮಾನಿನಿಂದ ಅವರೇ ಮಾಡುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ಡೇವಿಡ್ ವರ್ನರ್ 1987ರಲ್ಲಿ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್' ಎಂಬ ಪುಸ್ತಕ ತಂದರು. ಪುಟಪುಟದಲ್ಲೂ ಕೈಬರಹದ ಚಿತ್ರಗಳಿರುವ ಆ ಪುಸ್ತಕವನ್ನು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಒಮ್ಮೆ ತಿರುವಿ ಹಾಕಬೇಕು. ವರ್ನರ್ ಅವರ ವಾದ ಸ್ಪಷ್ಟ: ಕೈಪಿಡಿ ಹಿಡಿದುಕೊಂಡು ಮೇಲಿನಿಂದ ಬಂದರೆ ಸಾಲದು, ಅಂಗವೈಕಲ್ಯವಿರುವವರೇ ಆ ಕೆಲಸದ ಮುಂದಾಳುಗಳಾಗಬೇಕು.

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನೆಸ್ಕೋ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮೂರೂ ಸೇರಿ ಸಿಬಿಆರ್ ಬಗ್ಗೆ ಜಂಟಿ ಹೇಳಿಕೆ ಕೊಟ್ಟವು. 2004ರಲ್ಲಿ ಅದನ್ನು ಪರಿಷ್ಕರಿಸಿದಾಗ ಹಕ್ಕು ಮತ್ತು ಬಡತನದ ಪ್ರಶ್ನೆಗಳು ಮುಂದೆ ಬಂದವು. 2010ರಲ್ಲಿ ಪೂರ್ಣ ಮಾರ್ಗಸೂಚಿ ಹೊರಬಂತು. ಅದರ ಹೃದಯದಲ್ಲಿ ಇರೋದು ಒಂದು ಮ್ಯಾಟ್ರಿಕ್ಸ್. ಹೌದು, ನಮಗೆ ಗೊತ್ತಿರೋ ಅದೇ ಮ್ಯಾಟ್ರಿಕ್ಸ್: ಐದು ಕಂಬಸಾಲು, ಐದು ಅಡ್ಡಸಾಲು.

ಐದು ಕಂಬಸಾಲುಗಳು ಹೀಗಿವೆ: ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ. ಒಂದೊಂದರ ಕೆಳಗೂ ಐದೈದು ಮನೆಗಳು. ಆರೋಗ್ಯದ ಕೆಳಗೆ ಆರೋಗ್ಯ ವರ್ಧನೆ, ತಡೆಗಟ್ಟುವಿಕೆ, ವೈದ್ಯಕೀಯ ಆರೈಕೆ, ಪುನರ್ವಸತಿ, ಕೊನೆಗೆ ಸಹಾಯಕ ಸಾಧನಗಳು. ಒಟ್ಟು 25 ಮನೆ. ಈಗ ಲೆಕ್ಕ ಹಾಕಿ. ವೀಲ್‌ಚೇರ್, ಕೋಲು, ಶ್ರವಣ ಯಂತ್ರ, ಆ್ಯಪ್, ಅಂದರೆ ನಾವು ಪ್ರಾಜೆಕ್ಟ್ ಅಂತ ಕರೆಯೋದೆಲ್ಲ ಕೂತಿರೋದು 25ರಲ್ಲಿ ಒಂದೇ ಮನೆಯಲ್ಲಿ. ಉಳಿದ 24 ಖಾಲಿ ಇದ್ದರೆ ಈ ಒಂದು ಮನೆ ಎಷ್ಟೇ ಚೆನ್ನಾಗಿ ತುಂಬಿದರೂ ಮಗುವಿನ ಬದುಕು ಬದಲಾಗೋದಿಲ್ಲ. ಈ ಲೇಖನದ ಸಾರವೇ ಇದು. ಒಂದು ಉದಾಹರಣೆಯಿಂದ ನೋಡೋಣ.

ಗೌರಿ ಅಂತ ಒಬ್ಬಳು ಹುಡುಗಿ

ಒಬ್ಬಳು ಹುಡುಗಿಯನ್ನು ಊಹಿಸಿಕೊಳ್ಳಿ. ಹೆಸರು ಗೌರಿ ಅಂತಿಟ್ಟುಕೊಳ್ಳೋಣ. ವಯಸ್ಸು ಏಳು. ಸೆರೆಬ್ರಲ್ ಪಾಲ್ಸಿ ಇದೆ. ಹುಟ್ಟುವ ಮುಂಚೆ, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದೊಳಗೆ ಮಿದುಳಿಗೆ ಆದ ಹಾನಿಯಿಂದ ಚಲನೆ ಮತ್ತು ದೇಹದ ಭಂಗಿಯ ಮೇಲಿನ ಹಿಡಿತಕ್ಕೆ ತೊಂದರೆಯಾಗುವ ಸ್ಥಿತಿ ಇದು. ಗೌರಿಯ ಕಾಲುಗಳು ಬಿಗಿ, ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತವೆ. ಮಾತು ಅಸ್ಪಷ್ಟ. ಆದರೆ ಎಲ್ಲಾ ಅರ್ಥ ಆಗುತ್ತೆ, ಜೋಕಿಗೆ ಎಲ್ಲರಿಗಿಂತ ಮೊದಲು ನಗ್ತಾಳೆ. ಹಗಲೆಲ್ಲ ಚಾಪೆಯ ಮೇಲೆ ಮಲಗಿರುತ್ತಾಳೆ. ಅಮ್ಮ ಮಲಗಿಸಿಕೊಂಡೇ ಗಂಜಿ ಕುಡಿಸುತ್ತಾರೆ. ಶಾಲೆ ಮನೆಯಿಂದ 300 ಮೀಟರ್.

ಇಲ್ಲೊಂದು ತಾಂತ್ರಿಕ ಸಂಗತಿ ಗಮನಿಸಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿನ ಹಾನಿ ಬೆಳೆಯುವುದಿಲ್ಲ. ಆದರೆ ದೇಹದ ಮೇಲೆ ಅದರ ಪರಿಣಾಮ ಬೆಳೆಯುತ್ತದೆ. ಬಿಗಿಯಾದ ಸ್ನಾಯು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಉಳಿದರೆ ಗಿಡ್ಡವಾಗುತ್ತದೆ, ಕೀಲು ಮಡಚಿಕೊಂಡೇ ಉಳಿಯುತ್ತದೆ, ಸೊಂಟದ ಕೀಲು ಜಾರಬಹುದು, ಬೆನ್ನು ಬಾಗಬಹುದು. ಮಲಗಿಸಿ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವೂ ಇದೆ. ಅಂದರೆ ಗೌರಿಯ ವಿಷಯದಲ್ಲಿ ಕಾಲವೇ ಒಂದು ಲೋಡ್. ಏಳನೇ ವಯಸ್ಸಿನಲ್ಲಿ ಒಂದು ಒಳ್ಳೆ ಕುರ್ಚಿಯಿಂದ ತಡೆಯಬಹುದಾದದ್ದಕ್ಕೆ ಹದಿನಾಲ್ಕನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕುರ್ಚಿಯ ಎಂಜಿನಿಯರಿಂಗ್

ಹಾಗಾದರೆ ಗೌರಿಗೆ ಮೊದಲು ಬೇಕಾದ್ದು ಮೋಟಾರು ವೀಲ್‌ಚೇರಾ? ಅಲ್ಲ. ಅವಳ ಅಳತೆಯ ಒಂದು ಕುರ್ಚಿ. ದಾನದ ಶಿಬಿರಗಳಲ್ಲಿ ಸಿಗುವ ದೊಡ್ಡವರ ಅಳತೆಯ ವೀಲ್‌ಚೇರಿನಲ್ಲಿ ಚಿಕ್ಕ ಮಗುವನ್ನು ಕೂರಿಸಿದರೆ ಏನಾಗುತ್ತೆ ನೋಡಿ. ಸೀಟು ಅಗಲ, ಹಾಗಾಗಿ ಮೈ ಒಂದು ಕಡೆ ವಾಲುತ್ತದೆ. ಸೀಟು ಉದ್ದ, ಹಾಗಾಗಿ ಬೆನ್ನು ಹಿಂದಕ್ಕೆ ತಾಗಲು ಸೊಂಟ ಮುಂದಕ್ಕೆ ಜಾರುತ್ತದೆ. ಪಾದ ನೇತಾಡುತ್ತದೆ. ಹತ್ತು ನಿಮಿಷಕ್ಕೆ ಮಗು ಅಳುತ್ತೆ, ಮನೆಯವರು ಮತ್ತೆ ಚಾಪೆಗೆ ಇಳಿಸುತ್ತಾರೆ, ಕುರ್ಚಿ ಮೂಲೆ ಸೇರಿ ಅದರ ಮೇಲೆ ಬಟ್ಟೆ ಒಣಗುತ್ತೆ.

ಅಳತೆಗಳು ಕಷ್ಟದವೇನಲ್ಲ. ಸೊಂಟದ ಅಗಲ. ಹಿಂಭಾಗದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಉದ್ದ, ಅದರಲ್ಲಿ ಎರಡು ಬೆರಳಷ್ಟು ಕಡಿಮೆ ಮಾಡಿದರೆ ಸೀಟಿನ ಆಳ. ಮಂಡಿಯಿಂದ ಹಿಮ್ಮಡಿವರೆಗಿನ ಉದ್ದ, ಇದರಿಂದ ಪಾದದ ಹಲಗೆ ಎಲ್ಲಿರಬೇಕು ಅಂತ ತಿಳಿಯುತ್ತದೆ. ಮೊಣಕೈ ಎತ್ತರ, ಇದರಿಂದ ಮುಂದಿನ ಹಲಗೆಯ ಎತ್ತರ. ಸೊಂಟ, ಮಂಡಿ, ಪಾದದ ಕೀಲು ಮೂರೂ ಸುಮಾರು 90 ಡಿಗ್ರಿಯಲ್ಲಿ ಇರಬೇಕು ಅನ್ನೋದು ಆರಂಭದ ನಿಯಮ. ದೇಹವನ್ನು ಹಿಂದಕ್ಕೆ ಸೆಟೆಸುವ ಮಗುವಾದರೆ ಸೀಟಿನ ಮುಂಭಾಗವನ್ನು ಸ್ವಲ್ಪ ಎತ್ತರಿಸುತ್ತಾರೆ. ಸೊಂಟ ಇನ್ನಷ್ಟು ಮಡಿದು ಸೆಟೆತ ತಗ್ಗುತ್ತದೆ. ಕತ್ತರಿಯಾಗುವ ಕಾಲುಗಳ ಮಧ್ಯೆ, ಮಂಡಿಯ ಹತ್ತಿರ, ಒಂದು ಮೆತ್ತನೆ ದಿಂಡು. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಅಡ್ಡ ಬರಬಾರದು. ಸೀಟಿಗೆ ಸುಮಾರು 45 ಡಿಗ್ರಿ ಕೋನದಲ್ಲಿ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ಹಿಡಿಯಬೇಕು. ಈ ಅಳತೆಯನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಜೊತೆ ಕೂತೇ ತೆಗೆಯಬೇಕು, ಯಾಕೆಂದರೆ ಯಾವ ಕೀಲು ಎಷ್ಟು ಬಗ್ಗುತ್ತದೆ ಅನ್ನೋದು ಟೇಪಿಗೆ ಗೊತ್ತಾಗೋದಿಲ್ಲ.

ಸಾಮಾನು? ಮರ ಆಗಬಹುದು. ರಟ್ಟೂ ಆಗಬಹುದು. ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬವರು ಬೆಳೆಸಿದ ಒಂದು ವಿಧಾನದಲ್ಲಿ ಹಳೇ ರಟ್ಟಿನ ಪೆಟ್ಟಿಗೆ, ಹಳೇ ಪೇಪರ್, ಹಿಟ್ಟಿನ ಅಂಟು ಇಷ್ಟರಿಂದಲೇ ಮಕ್ಕಳ ಕುರ್ಚಿ ಮಾಡುತ್ತಾರೆ. ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸುವಾಗ ಒಳಗಿನ ಏಣುಗಳು ಒಂದಕ್ಕೊಂದು ಅಡ್ಡ ಬರುವ ಹಾಗೆ ನೋಡಿಕೊಳ್ಳಬೇಕು. ಪ್ಲೈವುಡ್ ಗಟ್ಟಿಯಾಗೋದೂ ಇದೇ ತತ್ತ್ವದಿಂದ, ಮೆಟೀರಿಯಲ್ಸ್ ಕ್ಲಾಸಿನಲ್ಲಿ ನಾವು ಓದಿದ್ದೇ. ಚೆನ್ನಾಗಿ ಒಣಗಿಸಬೇಕು, ಇಲ್ಲಾಂದ್ರೆ ಬೂಸ್ಟು ಹಿಡಿಯುತ್ತೆ. ನೀರು ತಾಗದ ಹಾಗೆ ಪೇಂಟ್ ಅಥವಾ ವಾರ್ನಿಶ್ ಬೇಕು. ಮಗು ಬೆಳೆದಂತೆ ಹೊಸದು ಮಾಡಬೇಕು, ಆದರೆ ಖರ್ಚು ಕಡಿಮೆ ಇರೋದರಿಂದ ಅದು ಸಾಧ್ಯ. ದುಬಾರಿ ಕುರ್ಚಿಯನ್ನು ಮಗು ಬೆಳೆದ ಮೇಲೂ 'ಇಷ್ಟು ದುಡ್ಡು ಕೊಟ್ಟಿದೀವಲ್ಲ' ಅಂತ ಎಳೆದಾಡುವ ಕಷ್ಟ ಇಲ್ಲಿಲ್ಲ.

ವೀಲ್‌ಚೇರ್ ಬೇಕೇ ಬೇಕು ಅನ್ನುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಮಾರ್ಗಸೂಚಿ ತಂದಿದೆ. ಅದರಲ್ಲಿ ಎಂಟು ಹಂತಗಳಿವೆ: ಗುರುತಿಸಿ ಕಳಿಸುವುದು, ಪರೀಕ್ಷಿಸಿ ಅಳೆಯುವುದು, ಯಾವುದು ಬೇಕೆಂದು ನಿರ್ಧರಿಸುವುದು, ಹಣ ಹೊಂದಿಸಿ ತರಿಸುವುದು, ಜೋಡಿಸಿ ಸಿದ್ಧಪಡಿಸುವುದು, ಕೂರಿಸಿ ಹೊಂದಿಸುವುದು, ಬಳಸೋದನ್ನು ಕಲಿಸುವುದು, ರಿಪೇರಿ ಮತ್ತು ಮರುಭೇಟಿ. ವಸ್ತು ತಯಾರಾಗೋದು ಎಂಟರಲ್ಲಿ ಒಂದು ಹಂತ ಮಾತ್ರ. ರಿಪೇರಿ ಮಾಡೋರು ಯಾರೂ ಇಲ್ಲದ ಊರಿಗೆ ಲಿಥಿಯಂ ಬ್ಯಾಟರಿಯ ಕುರ್ಚಿ ಹೋದರೆ ಅದರ ಆಯುಸ್ಸು ಮೊದಲ ಕೆಟ್ಟ ಕನೆಕ್ಟರ್‌ವರೆಗೆ.

ಮುನ್ನೂರು ಮೀಟರ್ ಮತ್ತು ಮೂರು ಮೆಟ್ಟಿಲು

ಗೌರಿ ಕೂತಳು ಅಂತಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಸಣ್ಣ ವೀಲ್‌ಚೇರೂ ಬಂತು. ಈಗ 300 ಮೀಟರ್ ದಾರಿ. ಹೊಸ್ತಿಲು, ಚರಂಡಿ ಮೇಲಿನ ಕಲ್ಲು ಚಪ್ಪಡಿ, ಮಳೆಗಾಲದ ಕೆಸರು, ಕೊನೆಗೆ ಶಾಲೆಯ ಮೂರು ಮೆಟ್ಟಿಲು. ಒಂದೊಂದು 15 ಸೆಂಟಿಮೀಟರ್ ಎಂದರೆ ಒಟ್ಟು 45 ಸೆಂಟಿಮೀಟರ್ ಏರು.

ನಿಯಮದ ಪ್ರಕಾರ ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 45 ಸೆಂಟಿಮೀಟರಿಗೆ 5.4 ಮೀಟರ್ ಉದ್ದ. ಎಷ್ಟೋ ಕಡೆ 'ಜಾಗ ಇಲ್ಲ' ಅಂತ ಮೆಟ್ಟಿಲ ಮೇಲೇ ಸಿಮೆಂಟ್ ಸುರಿದು 1.8 ಮೀಟರಿನಲ್ಲಿ ಮುಗಿಸುತ್ತಾರೆ. ಅದು 1:4. ಮಗುವೂ ಕುರ್ಚಿಯೂ ಸೇರಿ 45 ಕಿಲೋ ಅಂದುಕೊಂಡರೆ, ಘರ್ಷಣೆ ಬಿಟ್ಟು, 1:12ರಲ್ಲಿ ತಳ್ಳಲು ಬೇಕಾದ ಬಲ ಸುಮಾರು 37 ನ್ಯೂಟನ್, ಹತ್ತಿರಹತ್ತಿರ ನಾಲ್ಕು ಕಿಲೋ ತೂಕದಷ್ಟು. ಇನ್ನೊಬ್ಬ ಹುಡುಗಿ ತಳ್ಳಬಹುದು. 1:4ರಲ್ಲಿ ಅದೇ ಬಲ ಸುಮಾರು 107 ನ್ಯೂಟನ್, ಹನ್ನೊಂದು ಕಿಲೋ ತೂಕದಷ್ಟು. ಇಳಿಯುವಾಗ ಅಷ್ಟನ್ನೂ ತಡೆದು ಹಿಡಿಯಬೇಕು. ಗೆಳತಿಯ ಕೈಲಾಗೋದಿಲ್ಲ, ಟೀಚರ್ ಬರಬೇಕು, ಟೀಚರ್ ಇಲ್ಲದ ದಿನ ಗೌರಿ ಮನೆಯಲ್ಲೇ. ಕಾಗದದ ಮೇಲೆ ಮಾತ್ರ 'ರ‍್ಯಾಂಪ್ ಇದೆ' ಅಂತ ಟಿಕ್ ಬಿದ್ದಿರುತ್ತೆ. ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್‌ನಲ್ಲಿ ಬಿಡಿಸುವ ಒಂದು ತ್ರಿಕೋನ ಒಂದು ಮಗುವಿನ ಹಾಜರಿಯನ್ನು ತೀರ್ಮಾನಿಸುತ್ತೆ.

ಇನ್ನು ಶೌಚಾಲಯ. ಬಾಗಿಲ ಅಗಲ 90 ಸೆಂಟಿಮೀಟರ್, ಒಳಗೆ ಕುರ್ಚಿ ತಿರುಗಿಸಲು 1.5 ಮೀಟರ್ ವ್ಯಾಸದ ಜಾಗ, ಹಿಡಿದುಕೊಳ್ಳಲು ಸರಳು. ಇದಿಲ್ಲದ ಶಾಲೆಯಲ್ಲಿ ಮಗು ನೀರು ಕುಡಿಯೋದನ್ನೇ ಬಿಡುತ್ತೆ, ಅಥವಾ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತೆ. ದೊಡ್ಡವಳಾದ ಮೇಲಂತೂ ಹೆಣ್ಣುಮಕ್ಕಳು ಶಾಲೆ ಬಿಡೋದಕ್ಕೆ ಇದೊಂದೇ ಸಾಕು.

ಸೇರಿಸಿಕೊಳ್ಳುವುದು ಬೇರೆ, ಒಳಗೊಳ್ಳುವುದು ಬೇರೆ

ಕಾನೂನು ಗೌರಿಯ ಪರವಾಗಿದೆ. ವಿಶ್ವಸಂಸ್ಥೆಯ ಅಂಗವೈಕಲ್ಯ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅಂಗೀಕರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. 1995ರ ಹಳೇ ಅಂಗವೈಕಲ್ಯ ಕಾಯ್ದೆಯ ಜಾಗಕ್ಕೆ ಬಂದ 2016ರ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಶಾಲೆಯಲ್ಲೂ ಆಗಬಹುದು, ಮಗುವಿಗೆ ಇಷ್ಟವಾದ ವಿಶೇಷ ಶಾಲೆಯಲ್ಲೂ ಆಗಬಹುದು. ಆದರೂ 2011ರ ಜನಗಣತಿಯಲ್ಲಿ, 5ರಿಂದ 19 ವಯಸ್ಸಿನ ಅಂಗವೈಕಲ್ಯವಿರುವ ಮಕ್ಕಳಲ್ಲಿ ಸುಮಾರು ಕಾಲು ಭಾಗ ಎಂದೂ ಶಾಲೆಗೆ ಹೋದವರೇ ಆಗಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಮುಗಿಯಿತಾ? 1994ರ ಸಲಮಾಂಕಾ ಘೋಷಣೆ ಇದನ್ನೇ ಎತ್ತಿ ಹಿಡಿಯಿತು: ಮಗು ಶಾಲೆಗೆ ಹೊಂದಿಕೊಳ್ಳಲಿ ಅಂತ ಕಾಯುವ ಬದಲು ಶಾಲೆ ಮಗುವಿಗೆ ಹೊಂದಿಕೊಳ್ಳಬೇಕು. ಗೌರಿಯ ತರಗತಿಯಲ್ಲಿ ಇದರ ಅರ್ಥ ತುಂಬಾ ಸಣ್ಣಸಣ್ಣ ಕೆಲಸಗಳು. ಅವಳ ಕುರ್ಚಿಯ ಹಲಗೆ ಉಳಿದ ಮಕ್ಕಳ ಡೆಸ್ಕಿನ ಸಾಲಿನಲ್ಲೇ ಇರಬೇಕು, ಮೂಲೆಯಲ್ಲಲ್ಲ. ಅಕ್ಷರ, ಚಿತ್ರ, 'ಹೌದು', 'ಇಲ್ಲ', 'ಗೊತ್ತಾಗಲಿಲ್ಲ' ಅಂತ ಬರೆದ ಒಂದು ರಟ್ಟಿನ ಹಲಗೆ ಇದ್ದರೆ ಅವಳು ಬೆರಳಿಟ್ಟು ಉತ್ತರ ಹೇಳ್ತಾಳೆ. ಪೆನ್ಸಿಲಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತೆ. ಟೀಚರ್ ಉತ್ತರಕ್ಕೆ ಹತ್ತು ಸೆಕೆಂಡ್ ಹೆಚ್ಚು ಕಾಯಬೇಕು. ಆಟದ ಪೀರಿಯಡ್ಡಿನಲ್ಲಿ ಸ್ಕೋರು ಬರೆಯೋಕೆ ಕೂರಿಸುವ ಬದಲು ಅವಳೂ ಆಡಬಹುದಾದ ಆಟವೊಂದಿರಬೇಕು.

ನಮ್ಮ ರಾಜ್ಯದಲ್ಲಿ ಇದಕ್ಕೆ ಜನ ಇದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಸಮಗ್ರ ಶಿಕ್ಷಣದ ಅಡಿ ಬ್ಲಾಕ್ ಮಟ್ಟದಲ್ಲಿ 'ಬಿಐಇಆರ್‌ಟಿ' ಎಂದು ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರಲ್ಲಿ ಬಹುತೇಕರು ತಾವೇ ಅಂಗವೈಕಲ್ಯವಿರುವವರು. ಪಾಸು, ಪಿಂಚಣಿ, ವಿಶಿಷ್ಟ ಗುರುತಿನ ಚೀಟಿ, ಸಾಧನಕ್ಕೆ ಅರ್ಜಿ, ಹೀಗೆ ಮನೆಮನೆಗೆ ಹೋಗಿ ಕಾಗದಪತ್ರ ಮಾಡಿಸುವುದು ಇವರೇ. ಸ್ಥಳೀಯ ಸಂಸ್ಥೆಗಳು ಅಂಗವೈಕಲ್ಯವಿರುವವರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು ಎಂಬ ನಿಯಮವೂ ಇದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಕಟ್ಟಿದ ಬೆಂಗಳೂರಿನ 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ', 1994ರಲ್ಲಿ ಶುರುವಾದ 'ಮೊಬಿಲಿಟಿ ಇಂಡಿಯಾ' ಹಳ್ಳಿಗಳಲ್ಲೂ ಕೆಲಸ ಮಾಡುತ್ತಾ ಬಂದಿವೆ.

ಎಲ್ಲಾ ಸರಿ ಇದೆಯಾ?

ಸಿಬಿಆರ್ ಅಂದರೆ ಎಲ್ಲಾ ಒಳ್ಳೇದೇ ಅಂತ ನಂಬಿಸೋದು ಈ ಲೇಖನದ ಉದ್ದೇಶ ಅಲ್ಲ. ಅದರ ಬಗ್ಗೆ ಬಲವಾದ ಆಕ್ಷೇಪಗಳಿವೆ.

ಮೊದಲನೆಯದು, 'ಸಮುದಾಯ' ಅಂದಾಗ ಕೆಲಸ ಕೊನೆಗೆ ಬೀಳೋದು ಅಮ್ಮನ ಮೇಲೆ. ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಿಸಿ ಅಂತ ಹೇಳಿ ಹೋಗೋದು ಸುಲಭ. ಕೂಲಿ, ಅಡಿಗೆ, ನೀರು ಎಲ್ಲದರ ನಡುವೆ ಅದನ್ನು ಮಾಡೋದು ಯಾರು? ಹಾಗಾಗಿಯೇ ಅನುಭವಸ್ಥರು ವ್ಯಾಯಾಮವನ್ನು ಪ್ರತ್ಯೇಕ ಕೆಲಸವಾಗಿ ಕೊಡದೆ, ಸ್ನಾನ ಮಾಡಿಸುವಾಗ, ಎತ್ತಿಕೊಳ್ಳುವಾಗ, ಉಣಿಸುವಾಗಲೇ ಸರಿಯಾದ ಭಂಗಿ ಬರುವ ಹಾಗೆ ಹೇಳಿಕೊಡ್ತಾರೆ.

ಎರಡನೆಯದು, ಗೌರವಧನದ ಮೇಲೆ ದುಡಿಯುವ ಕಾರ್ಯಕರ್ತರ ಮೇಲೆ ಇಡೀ ವ್ಯವಸ್ಥೆಯ ಭಾರ ಹಾಕಿ, ತಜ್ಞರು ಬೇಡವೇ ಬೇಡ ಅನ್ನುವ ಹಾಗೆ ಸರ್ಕಾರಗಳು ಕೈತೊಳೆದುಕೊಳ್ಳಬಹುದು. ಊರಿನ ಕಾರ್ಯಕರ್ತೆ ಮತ್ತು ಜಿಲ್ಲಾಸ್ಪತ್ರೆಯ ತಜ್ಞರ ನಡುವೆ ದಾರಿ ತೆರೆದಿದ್ದರೆ ಮಾತ್ರ ಈ ವಿಧಾನ ನಿಲ್ಲುತ್ತದೆ.

ಮೂರನೆಯದು, ಮನೆ ಆಧಾರಿತ ಶಿಕ್ಷಣ. 2012ರ ತಿದ್ದುಪಡಿಯಲ್ಲಿ ತೀವ್ರ ವೈಕಲ್ಯವಿರುವ ಮಕ್ಕಳಿಗೆ ಈ ಆಯ್ಕೆ ಬಂತು. ಕೆಲವು ಮಕ್ಕಳಿಗೆ ಇದು ನಿಜಕ್ಕೂ ಬೇಕು. ಆದರೆ ರ‍್ಯಾಂಪ್ ಕಟ್ಟುವುದಕ್ಕಿಂತ ಮಗುವನ್ನು ಈ ಪಟ್ಟಿಗೆ ಹಾಕೋದು ಸುಲಭ ಅನ್ನಿಸಿದರೆ, ಶಾಲೆಯ ಬಾಗಿಲು ಗೌರವದಿಂದಲೇ ಮುಚ್ಚಿದ ಹಾಗೆ.

ನಾಲ್ಕನೆಯದು, ಕಿವುಡ ಮಕ್ಕಳ ಪ್ರಶ್ನೆ. ಸನ್ನೆ ಭಾಷೆ ಬಲ್ಲ ಟೀಚರೂ ಗೆಳೆಯರೂ ಇಲ್ಲದ ತರಗತಿಯಲ್ಲಿ ಕಿವುಡ ಮಗು ಎಲ್ಲರ ಮಧ್ಯೆ ಒಂಟಿ. ಅದಕ್ಕೆ ಮೊದಲು ಒಂದು ಭಾಷೆ ಬೇಕು. ಹಾಗಾಗಿ ಒಳಗೊಳ್ಳುವುದು ಅಂದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಅಂತ ತಿಳಿದರೆ ತಪ್ಪಾಗುತ್ತೆ. ಯಾವ ಮಗುವಿಗೆ ಎಲ್ಲಿ ಮಾತು, ಗೆಳೆತನ, ಕಲಿಕೆ ಮೂರೂ ಸಿಗುತ್ತೆ ಅನ್ನೋದೇ ಅಳತೆಗೋಲು.

ಬಳಸುವವರಿಂದ ಬಂದ ವಿನ್ಯಾಸಗಳು

ಈಗ ನಮ್ಮ ಮನೆಗೆ, ಅಂದರೆ ಸಹಾಯಕ ಸಾಧನಗಳ ಆ ಒಂದು ಮನೆಗೆ ಬರೋಣ. ಅಲ್ಲಿ ಗೆದ್ದವರು ಹೇಗೆ ಗೆದ್ದರು?

ಜೈಪುರ ಕಾಲು ಬಂದದ್ದು 1960ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ ಸಿಗುತ್ತಿದ್ದ ವಿದೇಶಿ ವಿನ್ಯಾಸದ ಕೃತಕ ಪಾದಕ್ಕೆ ಶೂ ಬೇಕು, ಅದು ಸರಿಯಾಗಿ ಬಗ್ಗೋದಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕುವ, ಕುಕ್ಕರಗಾಲಲ್ಲಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ಜನಕ್ಕೆ ಅದರಿಂದ ಉಪಯೋಗ ಇರಲಿಲ್ಲ. ಹೆಚ್ಚು ಓದದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ತಜ್ಞ ಡಾ. ಪಿ. ಕೆ. ಸೇಠಿ ಸೇರಿ ರಬ್ಬರಿನಿಂದ, ಎಲ್ಲ ದಿಕ್ಕಿಗೂ ಬಗ್ಗುವ, ಶೂ ಬೇಡದ ಪಾದವನ್ನು ರೂಪಿಸಿದರು. ಇಲ್ಲಿ ವಿನ್ಯಾಸದ ಸ್ಪೆಸಿಫಿಕೇಶನ್ ಬರೆದದ್ದು ನಮ್ಮ ಜನ ಕೂರುವ ರೀತಿ.

ಕೋಲಿಗೆ ಸೆನ್ಸರ್ ಕಟ್ಟುವ ಪ್ರಾಜೆಕ್ಟೂ ಗೆಲ್ಲಬಹುದು ಅನ್ನೋದಕ್ಕೆ ದೆಹಲಿ ಐಐಟಿಯ 'ಸ್ಮಾರ್ಟ್‌ಕೇನ್' ಸಾಕ್ಷಿ. ಅದೂ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿಯೇ ಶುರುವಾದದ್ದು. ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ ದೃಷ್ಟಿದೋಷವುಳ್ಳವರ ಜೊತೆ ವರ್ಷಗಟ್ಟಲೆ ಪರೀಕ್ಷಿಸಿ, ತಿದ್ದಿ, 2014ರಲ್ಲಿ ಮಾರುಕಟ್ಟೆಗೆ ತಂದಿತು. ಬಿಳಿ ಕೋಲು ನೆಲದ ಅಡ್ಡಿಯನ್ನು ಚೆನ್ನಾಗಿ ಹಿಡಿಯುತ್ತೆ. ಮಂಡಿಗಿಂತ ಮೇಲೆ ಚಾಚಿಕೊಂಡ ಕೊಂಬೆ, ಕಿಟಕಿ, ಲಾರಿಯ ಹಿಂಭಾಗವನ್ನು ಹಿಡಿಯಲ್ಲ. ಆ ಕೊರತೆಯೊಂದನ್ನೇ ಗುರಿಯಾಗಿಟ್ಟುಕೊಂಡು, ಕೋಲನ್ನು ಕಿತ್ತುಹಾಕದೆ ಅದಕ್ಕೇ ಜೋಡಿಸುವ ಹಾಗೆ ಮಾಡಿದರು.

ಮೂರನೇ ಉದಾಹರಣೆ ಕನ್ನಡ ಸಂಘಕ್ಕೆ ತುಂಬಾ ಹತ್ತಿರದ್ದು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ 'ಎನ್‌ವಿಡಿಎ' ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ಕಣ್ಣು ಕಾಣದವರು. ಅದು ಕನ್ನಡವನ್ನೂ ಓದುತ್ತೆ, ಆದರೆ ಬರಹ ಯೂನಿಕೋಡಿನಲ್ಲಿದ್ದರೆ ಮಾತ್ರ. ಹಳೇ ನುಡಿ ಫಾಂಟಿನಲ್ಲಿ ಟೈಪಾದ ಕನ್ನಡ ಕಣ್ಣಿಗೆ ಕನ್ನಡವೇ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ. ಕಣ್ಣು ಕಾಣದ ಹುಡುಗನಿಗೆ ಅಂಥ ಕಡತ ಮೆಟ್ಟಿಲೇ ಸರಿ, ರ‍್ಯಾಂಪ್ ಅಲ್ಲ.

ಈ ಸೆಮಿಸ್ಟರಿನಲ್ಲೇ ಮಾಡಬಹುದಾದದ್ದು

ದೊಡ್ಡ ಮಾತು ಸಾಕು. ಇಂಟರ್ನಲ್ಸ್ ಮಧ್ಯೆಯೂ ಆಗುವಂಥ ನಾಲ್ಕು ಕೆಲಸ ಹೇಳ್ತೀವಿ.

1. ಸಿವಿಲ್‌ನವರು: ಹತ್ತಿರದ ಒಂದು ಸರ್ಕಾರಿ ಶಾಲೆಗೆ ಅನುಮತಿ ಪಡೆದು ಹೋಗಿ, ಗೇಟಿನಿಂದ ತರಗತಿ, ಶೌಚಾಲಯ, ನೀರಿನ ನಲ್ಲಿ, ಬಿಸಿಯೂಟದ ಜಾಗದವರೆಗೆ ಟೇಪು ಹಿಡಿದು ಅಳೆಯಿರಿ. ಇಳಿಜಾರು, ಬಾಗಿಲ ಅಗಲ, ಹಿಡಿ ಎಲ್ಲ ಬರೆದು, ತಿದ್ದುಪಡಿಗೆ ಅಂದಾಜು ಪಟ್ಟಿ ಸಿದ್ಧಮಾಡಿ ಮುಖ್ಯ ಶಿಕ್ಷಕರ ಕೈಗೆ ಕೊಡಿ. ಪಂಚಾಯಿತಿಯ ಶೇ 5ರ ಹಣ ಕೇಳೋಕೆ ಅವರಿಗೆ ಅಂಥದ್ದೊಂದು ಕಾಗದ ಬೇಕಿರುತ್ತೆ.

2. ಮೆಕ್ಯಾನಿಕಲ್‌ನವರು: ಹೊಸದನ್ನು ಮಾಡುವ ಮುಂಚೆ ಹಳೇದನ್ನು ರಿಪೇರಿ ಮಾಡಿ. ಪುನರ್ವಸತಿ ಕಾರ್ಯಕರ್ತರ ಮೂಲಕ ಊರಿನಲ್ಲಿ ಮೂಲೆ ಸೇರಿದ ವೀಲ್‌ಚೇರ್‌ಗಳನ್ನು ಕೇಳಿ ತಿಳಿದು, ಒಂದು ಶನಿವಾರ ಬೇರಿಂಗ್, ಟೈರು, ಬ್ರೇಕು ನೋಡಿ. ಯಾವುದು ಮೊದಲು ಕೆಡುತ್ತೆ ಅಂತ ಬರೆದಿಟ್ಟರೆ ಅದೇ ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ ಮೊದಲ ಅಧ್ಯಾಯ.

3. ಕಂಪ್ಯೂಟರ್ ಸೈನ್ಸ್‌ನವರು: ಕಾಲೇಜಿನ ಒಂದು ಕನ್ನಡ ಪುಟವನ್ನು ಎನ್‌ವಿಡಿಎ ಹಾಕಿ, ಮಾನಿಟರ್ ಆಫ್ ಮಾಡಿ ಓದಿ ನೋಡಿ. ಎಲ್ಲಿ ನಿಲ್ಲುತ್ತೆ, ಯಾವ ಚಿತ್ರಕ್ಕೆ ವಿವರಣೆ ಇಲ್ಲ, ಯಾವ ಕಡತ ಯೂನಿಕೋಡಿಗೆ ಬದಲಾಗಬೇಕು ಅಂತ ಪಟ್ಟಿ ಮಾಡಿ.

4. ಎಲ್ಲರೂ: ಇಂಥ ಪ್ರಾಜೆಕ್ಟ್ ಆರಿಸಿಕೊಂಡರೆ ಸಿನಾಪ್ಸಿಸ್ ಬರೆಯುವ ಮೊದಲು ಮೂರು ಜನರ ಜೊತೆ ಮಾತಾಡಿ: ಆ ಸಾಧನ ಬಳಸುವವರು, ಅವರನ್ನು ನೋಡಿಕೊಳ್ಳುವವರು, ಅದನ್ನು ರಿಪೇರಿ ಮಾಡುವವರು. ಅವರಿಗೆ ಬೇಡವಾದರೆ ವಿಷಯ ಬದಲಿಸಿ. ಅವರ ಮನೆಗೆ ಹೋದಾಗ ಫೋಟೋ ತೆಗೆಯುವ ಮುಂಚೆ ಕೇಳಿ, ಬೇಡ ಅಂದರೆ ಫೋನು ಜೇಬಿನಲ್ಲಿರಲಿ. ಒಂದು ಸಲ ಹೋಗಿ ಆಸೆ ಹುಟ್ಟಿಸಿ ಮರೆಯೋದಕ್ಕಿಂತ ಹೋಗದೇ ಇರೋದು ಮೇಲು.

ನಮಗೆ ಒಂದು ಸೆಮಿಸ್ಟರ್ ಹೋದರೆ ಇನ್ನೊಂದು ಬರುತ್ತೆ, ಬ್ಯಾಕ್ ಇದ್ದರೂ ಕಟ್ಟಿ ಪಾಸು ಮಾಡಿಕೊಳ್ಳಬಹುದು. ಏಳು ವರ್ಷದ ಮಗುವಿಗೆ ಒಂದನೇ ತರಗತಿಯ ವಯಸ್ಸು ಮತ್ತೆ ಬರೋದಿಲ್ಲ, ಗಿಡ್ಡವಾದ ಸ್ನಾಯು ತಾನಾಗಿ ಉದ್ದವಾಗೋದಿಲ್ಲ. 25 ಮನೆಗಳನ್ನೂ ನಾವು ತುಂಬೋಕಾಗಲ್ಲ, ತುಂಬಬೇಕಾಗಿಯೂ ಇಲ್ಲ. ನಮ್ಮ ಪಾಲಿನ ಒಂದು ಮನೆಯನ್ನು ಪಕ್ಕದ ಮನೆಯವರನ್ನು ಕೇಳಿ ಕಟ್ಟಿದರೆ ಸಾಕು. ಮೊದಲ ಶನಿವಾರ ಯಾವ ಶಾಲೆಗೆ ಹೋಗೋಣ ಅಂತ ಸಂಘದ ಮುಂದಿನ ಸಭೆಯಲ್ಲಿ ಮಾತಾಡೋಣ. ಬರುವವರು ಒಂದು ಅಳತೆ ಟೇಪು ತನ್ನಿ.